ಹದಿನೇಳರ ತೂಕ

ಜೂನ್ ೩

ಪ್ರೀತಿಯ ಅಕ್ಕನಿಗೆ,

ಮೊದಲೇ ಹೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ತಪ್ಪುಗಳೂ ಇರುತ್ತವೆ, ಬೇಜಾರು ಮಾಡಿಕೊಳ್ಳಬೇಡ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ಇಷ್ಟು ಉದ್ದ ಬರೆಯುವುದು ಇದೇ ಮೊದಲು. ಒತ್ತಕ್ಷರ ಬಂದಲ್ಲೆಲ್ಲ ಪೆನ್ನು ನಿಂತು ಯೋಚನೆ ಮಾಡುತ್ತದೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನನಗೆ ಮಾತು ಹೊರಡುವುದಿಲ್ಲ, ಅದು ನಿನಗೆ ಗೊತ್ತೇ ಇದೆ. ನೀನು ಮನೆ ಬಿಟ್ಟು ಎರಡು ವರ್ಷ ಆಯಿತು. ನಿನ್ನ ಹೊಲಿಗೆ ಅಂಗಡಿಯ ವಿಳಾಸವನ್ನು ಪಕ್ಕದ ಮನೆಯವರನ್ನು ಕೇಳಿ ತಿಳಿದುಕೊಂಡೆ.

ಬರೆಯುವುದಕ್ಕೆ ಕಾರಣ ಇದೆ. ನನಗೆ ಹೊಸ ಕೆಲಸ ಸಿಕ್ಕಿದೆ. ದೊಡ್ಡ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ, ಮೂರನೇ ಮಹಡಿ, ಇಲಿಗಳ ಕೋಣೆ. ನಗಬೇಡ. ಮನೆಯಲ್ಲಿ ಇಲಿ ಕಂಡರೆ ಸ್ಟೂಲಿನ ಮೇಲೆ ಹತ್ತಿ ನಿಲ್ಲುತ್ತಿದ್ದವಳು ಈಗ ಬಾಲ ಹಿಡಿದು ಎತ್ತಿ ತಕ್ಕಡಿಯ ಬಟ್ಟಲಿಗೆ ಬಿಡುತ್ತೇನೆ. ಒಟ್ಟು ನಲವತ್ತು ಇಲಿ, ಎಲ್ಲ ಬಿಳಿ, ಎಲ್ಲ ಹೆಣ್ಣು. ಒಂದೊಂದಕ್ಕೆ ಒಂದೊಂದು ಪ್ಲಾಸ್ಟಿಕ್ ಪೆಟ್ಟಿಗೆ, ಮೇಲೆ ಉಕ್ಕಿನ ಜಾಲರಿ, ತಲೆಕೆಳಗಾಗಿ ನೀರಿನ ಬಾಟಲಿ, ಕೆಳಗೆ ಮರದ ಹೊಟ್ಟು. ಒಳಗೆ ಹೋಗುವ ಮುಂಚೆ ನಿಲುವಂಗಿ, ಟೋಪಿ, ಕೈಗವಸು, ಬೇರೆ ಚಪ್ಪಲಿ. ಮೊದಲ ದಿನ ಟೋಪಿ ಹಿಂದುಮುಂದಾಗಿ ಹಾಕಿಕೊಂಡಿದ್ದೆ, ಸಂಜೆವರೆಗೆ ಯಾರೂ ಹೇಳಲಿಲ್ಲ.

ಕೆಲಸ ಕಲಿಸಿದವರು ಇಲ್ಲಿನ ಹಳಬರು. ಎಲ್ಲರೂ ಅವರನ್ನು ಗ್ರಾಂ ಮಾಸ್ತರು ಅನ್ನುತ್ತಾರೆ. ಟೀ ಜೊತೆ ತಿನ್ನುವ ಬಿಸ್ಕತ್ತನ್ನೂ ಒಂದು ದಿನ ತೂಗಿ ನೋಡಿದರಂತೆ. ಅವರು ಮಾತಾಡುವುದೂ ತೂಗಿಯೇ. ಬೆಳಗ್ಗೆ ನಾನು ಪ್ರತಿ ಇಲಿಗೂ ಒಂದೇ ಥರದ ಆಹಾರವನ್ನು ತೂಗಿ ಹಾಕಬೇಕು, ಮಾರನೇ ದಿನ ಉಳಿದಿದ್ದನ್ನು ತೂಗಿ ಪುಸ್ತಕದಲ್ಲಿ ಬರೆಯಬೇಕು.

ಈಗ ಕೇಳು ಅಕ್ಕಾ. ಇಪ್ಪತ್ತು ಪೆಟ್ಟಿಗೆಗೆ ಕೆಂಪು ಚೀಟಿ, ಇಪ್ಪತ್ತಕ್ಕೆ ನೀಲಿ. ತಿನ್ನುವುದು ಎಲ್ಲವೂ ಒಂದೇ ಅಳತೆ. ಕೆಂಪು ಚೀಟಿಯವು ದಪ್ಪ ಆಗುತ್ತಿವೆ. ನೀಲಿಯವು ಇದ್ದ ಹಾಗೇ ಇವೆ. ನಾನೇ ನನ್ನ ಕೈಯಾರೆ ತೂಗುತ್ತೇನೆ. ಕದ್ದು ತಿನ್ನುವುದಕ್ಕೆ ದಾರಿಯೇ ಇಲ್ಲ, ಮೇಲೆ ಜಾಲರಿ ಇದೆ. ಎರಡನೇ ವಾರ ಧೈರ್ಯ ಮಾಡಿ ಗ್ರಾಂ ಮಾಸ್ತರಿಗೆ ಹೇಳಿದೆ, ತಕ್ಕಡಿ ಕೆಟ್ಟಿದೆ ಸಾರ್ ಅಂತ. ಅವರು ಅಂದರು, "ತಕ್ಕಡಿ ಸುಳ್ಳು ಹೇಳಲ್ಲಮ್ಮ. ನೋಡೋರ ಕಣ್ಣು ಹೇಳುತ್ತೆ."

ಅವತ್ತು ಮನೆಗೆ ಬಂದು ಅಡುಗೆಮನೆಯ ಕಪಾಟಿನ ಮುಂದೆ ತುಂಬ ಹೊತ್ತು ನಿಂತಿದ್ದೆ. ಇವತ್ತಿಗೆ ಇಷ್ಟು ಸಾಕು, ಕೈ ನೋಯುತ್ತಿದೆ.

ನಿನ್ನ ತಂಗಿ,
ಕಡ್ಡಿ

ಜೂನ್ ೧೯

ಅಕ್ಕನಿಗೆ,

ನೀನು ಉತ್ತರ ಬರೆದಿಲ್ಲ. ಬರೆಯದಿದ್ದರೂ ನಾನು ಬರೆಯುತ್ತೇನೆ, ಯಾಕೆಂದರೆ ಹೊಟ್ಟೆಯೊಳಗೆ ಇಟ್ಟುಕೊಳ್ಳಲು ಆಗುತ್ತಿಲ್ಲ.

ಇಲ್ಲಿಗೆಲ್ಲ ದೊಡ್ಡವರು ಒಬ್ಬರು ಡಾಕ್ಟ್ರಮ್ಮ. ಓಡುವ ಬೂಟು ಹಾಕಿಕೊಂಡು ಎರಡೆರಡು ಮೆಟ್ಟಿಲು ಹತ್ತಿ ಬರುತ್ತಾರೆ. ಮೊನ್ನೆ ನಾನು ಒಂದೇ ಇಲಿಯನ್ನು ಮೂರು ಸಲ ತೂಗುವುದನ್ನು ಹಿಂದೆ ನಿಂತು ನೋಡಿದ್ದಾರೆ. "ಏನಮ್ಮ, ನಂಬಿಕೆ ಬರ್ತಾ ಇಲ್ವಾ?" ಅಂದರು. ನಾನು ತಲೆ ಅಲ್ಲಾಡಿಸಿದೆ. ಅವರು ಅಲ್ಲೇ ಸ್ಟೂಲು ಎಳೆದು ಕೂತು ಹೇಳಿಕೊಟ್ಟರು.

ನಮ್ಮ ಕರುಳಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಟಲೆ ಇರುತ್ತವಂತೆ. ಎಲ್ಲರ ಹೊಟ್ಟೆಯಲ್ಲೂ ಇರುವುದು ಒಂದೇ ಬಗೆಯವಲ್ಲ. ಈ ಇಲಿಗಳಿಗೆ ಮೊದಲು ಔಷಧಿ ಕೊಟ್ಟು ಕರುಳು ಖಾಲಿ ಮಾಡಿ, ಆಮೇಲೆ ಕೆಂಪು ಚೀಟಿಯವಕ್ಕೆ ದಪ್ಪ ಮೈಯ ಜನರ ಹೊಟ್ಟೆಯ ಜೀವಿಗಳನ್ನೂ ನೀಲಿ ಚೀಟಿಯವಕ್ಕೆ ತೆಳ್ಳಗಿನವರದನ್ನೂ ಬಿಟ್ಟಿದ್ದಾರೆ. ಎಲ್ಲಿಂದ ತೆಗೆದರು ಅಂತ ಕೇಳಬೇಡ, ಊಟದ ಹೊತ್ತಿಗೆ ಓದುತ್ತಿದ್ದರೆ ಕಷ್ಟ. ಒಂದೇ ತುತ್ತು ಹಾಕಿದರೂ ಒಂದು ಹೊಟ್ಟೆ ಅದರಿಂದ ಜಾಸ್ತಿ ತೆಗೆದುಕೊಂಡು ಕೂಡಿಡುತ್ತದೆ, ಇನ್ನೊಂದು ಅಷ್ಟು ತೆಗೆದುಕೊಳ್ಳದೆ ಕಳಿಸಿಬಿಡುತ್ತದೆ ಅನ್ನುವುದು ಅವರ ಲೆಕ್ಕ. "ಒಂದೇ ಬಟ್ಟೆ ಇಬ್ಬರು ಹಿಂಡಿದರೆ ಒಂದೇ ಸಮ ನೀರು ಬರುತ್ತಾ? ಹಾಗೇ," ಅಂದರು. ನನಗೆ ತಟ್ಟನೆ ಅರ್ಥವಾಯಿತು. ನಾನು ಹಿಂಡಿದ ಬಟ್ಟೆಯನ್ನು ನೀನು ಇನ್ನೊಂದು ಸಲ ಹಿಂಡುತ್ತಿದ್ದೆ, ನೆನಪಿದೆಯಾ.

ಅಕ್ಕಾ, ಈಗ ಬರೆಯಬೇಕಾದ್ದನ್ನು ಬರೆಯುತ್ತೇನೆ. ಅಮ್ಮ ಹೋದ ಮೇಲೆ ಅಡುಗೆಮನೆ ನನ್ನ ಕೈಗೆ ಬಂತು. ಆರೋಗ್ಯ ಕೇಂದ್ರದ ಡಾಕ್ಟರು ನಿನಗೆ ಮೈ ಇಳಿಸಲು ಊಟದ ಪಟ್ಟಿ ಬರೆದುಕೊಟ್ಟರು. ಬೆಳಗ್ಗೆ ಎರಡು ತುಂಡು ಬ್ರೆಡ್ಡು, ಒಂದು ಮೊಟ್ಟೆ, ಟೀಗೆ ಸಕ್ಕರೆ ಇಲ್ಲ. ನಾನು ಪಟ್ಟಿ ಬಿಟ್ಟು ಒಂದು ಚಮಚ ಹೆಚ್ಚು ಹಾಕಲಿಲ್ಲ. ನಾಲ್ಕು ವಾರ ಕಳೆದು ತೂಗಿದರೆ ಒಂದು ಕಿಲೋ ಜಾಸ್ತಿ ಆಗಿತ್ತು. ನಾನು ಕೆಲಸಕ್ಕೆ ಹೋದಾಗ ಮಧ್ಯಾಹ್ನ ನೀನು ಕಪಾಟು ತೆಗೆಯುತ್ತೀ ಅಂದುಕೊಂಡೆ. ಕೊಂಡಿ ತಂದು ತಿರುಪು ಹೊಡೆದು ಬೀಗ ಹಾಕಿದೆ. "ನಾನು ಮುಟ್ಟಿಲ್ಲ ಕಣೇ," ಅಂದೆ ನೀನು. ಒಂದೇ ಸಲ ಅಂದೆ. ನಾನು ಕೀಲಿ ಸೆರಗಿಗೆ ಕಟ್ಟಿಕೊಂಡೆ. ನಾಲ್ಕು ತಿಂಗಳಾದ ಮೇಲೆ ನೀನು ಹೊಲಿಗೆ ಮೆಷಿನ್ ಸಮೇತ ಹೊರಟೆ.

ಇವತ್ತು ಕೆಂಪು ಚೀಟಿಯ ಒಂದು ಇಲಿಗೆ ನೀರು ಹಾಕುತ್ತಾ, "ನೀನು ಮುಟ್ಟಿಲ್ಲ, ನನಗೆ ಗೊತ್ತು," ಅಂತ ಹೇಳಿದೆ. ಜೋರಾಗಿಯೇ ಹೇಳಿದೆ. ಗ್ರಾಂ ಮಾಸ್ತರು ತಿರುಗಿ ನೋಡಿದರು.

ನಿನ್ನ,
ಕಡ್ಡಿ

ಜೂನ್ ೩೦

ಕಡ್ಡಿ,

ಎರಡು ಕಾಗದವೂ ಬಂತು. ಅಕ್ಷರ ಪರವಾಗಿಲ್ಲ, ನಮ್ಮ ಅಂಗಡಿಯ ಅಳತೆ ಚೀಟಿಗಿಂತ ಚೆನ್ನಾಗಿದೆ. ಕೆಲಸ ಬಿಡಬೇಡ.

ಇಲಿ ದಪ್ಪ ಆದರೆ ವಿಜ್ಞಾನ. ನಾನು ದಪ್ಪ ಆದರೆ ಕಳ್ಳಿ.

ಬೀಗ ಇನ್ನೂ ಇದೆಯಾ?

ಅಕ್ಕ

ಜುಲೈ ೯

ಅಕ್ಕನಿಗೆ,

ನಿನ್ನ ಕಾರ್ಡನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಮೂಲೆ ಆಗಲೇ ಮಡಚಿಹೋಗಿದೆ. ನೀನು ಬರೆದೆಯಲ್ಲ, ಅಷ್ಟೇ ಸಾಕು, ಮಹಡಿ ಮೆಟ್ಟಿಲು ನಾನೂ ಎರಡೆರಡು ಹತ್ತಿದೆ. ಎರಡನೇ ಮಹಡಿಯಲ್ಲಿ ಎಡವಿ ಬಿದ್ದೆ. ಮನೆ ಚೆನ್ನಾಗಿದೆ. ಕಪಾಟನ್ನು ಮೊನ್ನೆ ಒರೆಸಿದೆ.

ಶನಿವಾರ ಒಂದು ಕತೆ ಆಯಿತು, ಯಾರಿಗೂ ಹೇಳಬೇಡ. ಮಧ್ಯಾಹ್ನ ಎಲ್ಲರೂ ಮನೆಗೆ ಹೋಗಿದ್ದರು. ಹದಿನೇಳನೇ ಪೆಟ್ಟಿಗೆಯ ಬಾಟಲಿ ಸೋರಿ ಮರದ ಹೊಟ್ಟೆಲ್ಲ ಗಂಜಿ ಆಗಿತ್ತು. ಹದಿನೇಳು ಕೆಂಪು ಚೀಟಿಯದು, ಆಗಲೇ ಗುಂಡಗಾಗುತ್ತಿತ್ತು. ಪಾಪ, ಮೂಲೆಯಲ್ಲಿ ಮುದುಡಿ ಗಡಗಡ ನಡುಗುತ್ತಿತ್ತು. ತೊಳೆದ ಪೆಟ್ಟಿಗೆಗಳೆಲ್ಲ ಹಬೆ ಯಂತ್ರದೊಳಗೆ ಇದ್ದವು, ಆರಲು ಇನ್ನೂ ಎರಡು ಗಂಟೆ ಬೇಕು. ಪಕ್ಕದ ಹದಿನೆಂಟು ನೀಲಿ ಚೀಟಿಯದು, ಬೆಚ್ಚಗೆ ಮಲಗಿತ್ತು. ಎರಡೇ ಗಂಟೆ ಅಲ್ಲವಾ ಅಂತ ಹದಿನೇಳನ್ನು ಒರೆಸಿ ಅದರ ಪಕ್ಕ ಬಿಟ್ಟೆ.

ಮೊದಲು ಒಂದನ್ನೊಂದು ಮೂಸಿ ನೋಡಿದವು. ಬೇರೆ ಪೆಟ್ಟಿಗೆ ತಣ್ಣಗಾಗಿ ನಾನು ತರುವ ಹೊತ್ತಿಗೆ ಒಂದರ ಹೊಟ್ಟೆಯಡಿ ಇನ್ನೊಂದು ಮೂಗು ತೂರಿಸಿ ಮಲಗಿಬಿಟ್ಟಿದ್ದವು. ಎಬ್ಬಿಸಲು ಮನಸ್ಸು ಬರಲಿಲ್ಲ. ಚಳಿಗಾಲದಲ್ಲಿ ನಿನ್ನ ಬೆನ್ನಿಗೆ ಅಂಟಿಕೊಂಡು ಮಲಗಿದರೆ ನನಗೆ ಹೊದಿಕೆಯೇ ಬೇಕಾಗುತ್ತಿರಲಿಲ್ಲ, ಅದು ನೆನಪಾಯಿತು. ಭಾನುವಾರ, ಸೋಮವಾರ ರಜೆ, ಬರುವವಳು ನಾನೊಬ್ಬಳೇ. ಹಾಗೇ ಬಿಟ್ಟೆ. ಮಂಗಳವಾರ ಬೆಳಗ್ಗೆ ಯಾರೂ ಬರುವ ಮುಂಚೆ ಬೇರೆ ಮಾಡಿದೆ.

ಒಂದೇ ತೊಂದರೆ. ಎರಡೂ ಸೇರಿ ದಿನಕ್ಕೆ ಏಳು ಗ್ರಾಂ ತಿಂದಿದ್ದವು. ಯಾವುದು ಎಷ್ಟು ತಿಂದಿತು ಅಂತ ಹೇಗೆ ಗೊತ್ತಾಗಬೇಕು? ಅರ್ಧ ಅರ್ಧ ಮಾಡಿ ಇದಕ್ಕೆ ಮೂರೂವರೆ, ಅದಕ್ಕೆ ಮೂರೂವರೆ ಅಂತ ಮೂರು ದಿನವೂ ಪುಸ್ತಕದಲ್ಲಿ ಬರೆದೆ. ಇಲಿ ಹೇಳುವುದಿಲ್ಲ, ಪುಸ್ತಕ ಕೇಳುವುದಿಲ್ಲ.

ನಿನ್ನ,
ಕಡ್ಡಿ

ಆಗಸ್ಟ್ ೪

ಅಕ್ಕಾ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅದಕ್ಕೇ ಗೆರೆ ಸೊಟ್ಟ ಹೋಗುತ್ತಿದೆ.

ಪ್ರತಿ ಶುಕ್ರವಾರ ಇಲಿಗಳನ್ನು ತೂಗುತ್ತೇವೆ. ಕೆಂಪು ಚೀಟಿಯವೆಲ್ಲ ಮೂವತ್ತನಾಲ್ಕು, ಮೂವತ್ತೈದು ಗ್ರಾಂ ದಾಟಿವೆ. ಒಂದೇ ಒಂದು ಇಪ್ಪತ್ತೆಂಟಕ್ಕೆ ನಿಂತುಬಿಟ್ಟಿದೆ. ನಾಲ್ಕು ಶುಕ್ರವಾರದಿಂದ ಮೇಲೆ ಹೋಗಿಲ್ಲ. ತಿನ್ನುವುದು ಎಲ್ಲದರ ಹಾಗೆಯೇ ತಿನ್ನುತ್ತಿದೆ, ಲವಲವಿಕೆಯಿಂದ ಓಡಾಡುತ್ತಿದೆ. ಯಾವುದು ಅಂತ ನೀನೇ ಹೇಳು.

ಹದಿನೇಳು.

ಡಾಕ್ಟ್ರಮ್ಮ ಓಡಿ ಬಂದರು. ಬರೆಯುವ ಹಲಗೆಯ ಮೇಲೆ ಇಷ್ಟು ದೊಡ್ಡದಾಗಿ ೧೭ ಅಂತ ಬರೆದು ಸುತ್ತ ಮೂರು ಸುತ್ತು ಹಾಕಿದರು. ಇಡೀ ಕಟ್ಟಡದಲ್ಲಿ ಅದರದೇ ಜಪ. ಬೇರೆ ಮಹಡಿಯವರೂ ಬಂದು ಬಗ್ಗಿ ನೋಡಿ ಹೋಗುತ್ತಾರೆ, ಮದುಮಗಳನ್ನು ನೋಡುವ ಹಾಗೆ. ಅದರ ರಕ್ತದಲ್ಲೇ ಏನೋ ವಿಶೇಷ ಇರಬೇಕು ಅಂತ ಒಬ್ಬರು, ಹುಟ್ಟಿನಿಂದಲೇ ಹಾಗಿರಬೇಕು ಅಂತ ಇನ್ನೊಬ್ಬರು. ಡಾಕ್ಟ್ರಮ್ಮ ಎಲ್ಲರನ್ನೂ ಕೂರಿಸಿ ಕೇಳಿದರು, "ಜುಲೈ ಮೊದಲ ವಾರ ಇದಕ್ಕೆ ಏನಾದರೂ ಬೇರೆ ಥರ ಆಯ್ತಾ? ನೆನಪು ಮಾಡಿಕೊಳ್ಳಿ." ಯಾರೂ ನನ್ನ ಕಡೆ ನೋಡಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿ ಟೋಪಿಗೆ ಹೋಯಿತು.

ಆಮೇಲೆ ಗ್ರಾಂ ಮಾಸ್ತರನ್ನು ಸುಮ್ಮನೆ ಕೇಳುವ ಹಾಗೆ ಕೇಳಿದೆ, ಒಂದೊಂದನ್ನೇ ಯಾಕೆ ಇಡುತ್ತೇವೆ ಸಾರ್, ಬೇಜಾರಾಗುವುದಿಲ್ಲವಾ ಅಂತ. "ಜೊತೆಗಿಟ್ಟರೆ ಒಂದರ ಹಿಕ್ಕೆ ಇನ್ನೊಂದು ತಿನ್ನುತ್ತೆ. ಹೊಟ್ಟೆಯೊಳಗಿನದೆಲ್ಲ ಅದಲುಬದಲು. ಆಮೇಲೆ ಯಾವ ಚೀಟಿ ಇಟ್ಟರೇನು?" ಅಂದರು.

ಅಕ್ಕಾ, ಹದಿನೇಳಕ್ಕೆ ಏನೂ ವಿಶೇಷ ಇಲ್ಲ. ಅದು ಹದಿನೆಂಟರ ಜೊತೆ ಮೂರು ದಿನ ಮಲಗಿತ್ತು, ಅಷ್ಟೇ. ಹದಿನೆಂಟರ ಹೊಟ್ಟೆಯ ಜೀವಿಗಳು ಇದರ ಹೊಟ್ಟೆಗೆ ಬಂದಿವೆ, ಹದಿನೆಂಟು ಮಾತ್ರ ಮೊದಲಿನ ಹಾಗೇ ತೆಳ್ಳಗಿದೆ. ಇಡೀ ಕಟ್ಟಡದಲ್ಲಿ ಇದು ಗೊತ್ತಿರುವುದು ನನಗೊಬ್ಬಳಿಗೆ. ಖುಷಿಗೆ ಕುಣಿಯಬೇಕು ಅನಿಸುತ್ತದೆ, ಅದೇ ಹೊತ್ತಿಗೆ ಭಯವೂ ಆಗುತ್ತದೆ. ಹೇಳಿದರೆ ಪುಸ್ತಕದಲ್ಲಿ ಸುಳ್ಳು ಬರೆದೆ ಅಂತ ಕೆಲಸದಿಂದ ಕಳಿಸುತ್ತಾರೆ. ಹೇಳದಿದ್ದರೆ ಈ ತಿಂಗಳ ಇಪ್ಪತ್ತನೇ ತಾರೀಕು ಹದಿನೇಳನ್ನು ಕೊಯ್ದು ನೋಡುತ್ತಾರಂತೆ. ಒಳಗೆ ಏನು ವಿಶೇಷ ಇದೆ ಅಂತ ಹುಡುಕುತ್ತಾರೆ. ಸಿಗುವುದು ನನ್ನ ಸುಳ್ಳು.

ಏನು ಮಾಡಲಿ?

ಕಡ್ಡಿ

ಆಗಸ್ಟ್ ೧೦

ಕಡ್ಡಿ,

ಈ ಅಂಗಡಿಗೆ ಸೇರಿದ ಮೊದಲ ತಿಂಗಳು ಒಬ್ಬರ ಕೋಟಿನ ಮುಂಭಾಗ ಒಂದು ಇಂಚು ಗಿಡ್ಡ ಕತ್ತರಿಸಿದೆ. ಒಳ್ಳೆ ಬಟ್ಟೆ, ಬೇರೆ ತುಂಡು ಇರಲಿಲ್ಲ. ಮೂರು ದಿನ ಮೇಜಿನ ಕೆಳಗೆ ಬಚ್ಚಿಟ್ಟೆ, ಕತ್ತರಿಸಿದ ಬಟ್ಟೆ ಬೆಳೆಯುತ್ತೆ ಅನ್ನೋ ಹಾಗೆ. ನಾಲ್ಕನೇ ದಿನ ಅಂಗಡಿಯ ಯಜಮಾನಿಗೆ ಹೇಳಿದೆ. ಬೀದಿಗೆ ಕೇಳುವ ಹಾಗೆ ಬೈದರು. ಬೈದು ಮುಗಿಸಿ ಕನ್ನಡಕ ಹಾಕಿಕೊಂಡು, "ಅಂಚಿಗೆ ಪಟ್ಟಿ ಕೊಡೋಣ, ಫ್ಯಾಷನ್ ಅಂತಾರೆ," ಅಂದರು. ಆ ಗಿರಾಕಿ ಅದೇ ಥರದ್ದು ಇನ್ನೊಂದು ಹೊಲಿಸಿಕೊಂಡ. ಹೊಲಿದು ಮುಗಿದ ಮೇಲೆ ಹೇಳಿದ್ದರೆ ಪಟ್ಟಿ ಹಾಕೋಕೂ ಜಾಗ ಇರುತ್ತಿರಲಿಲ್ಲ.

ನಿನಗೆ ಇಪ್ಪತ್ತನೇ ತಾರೀಕಿನವರೆಗೆ ಜಾಗ ಇದೆ.

ಇನ್ನೊಂದು ಮಾತು. ಎರಡು ವರ್ಷದಿಂದ ಹೇಳಿರಲಿಲ್ಲ. ಕೀಲಿಯನ್ನು ನೀನು ಸೆರಗಿಗೆ ಕಟ್ಟಿಕೊಂಡಿದ್ದು ಒಂದು ವಾರ. ಆಮೇಲೆ ಗಡಿಯಾರದ ಹಿಂದೆ ಇಟ್ಟು ಕೆಲಸಕ್ಕೆ ಹೋಗುತ್ತಿದ್ದೆ. ನನಗೆ ಮೊದಲ ದಿನದಿಂದಲೇ ಗೊತ್ತಿತ್ತು, ಗಡಿಯಾರ ಗೋಡೆಗೆ ಸರಿಯಾಗಿ ಕೂರುತ್ತಿರಲಿಲ್ಲ. ದಿನಾ ಅದರ ಕೆಳಗೇ ಕೂತು ಹೊಲಿಯುತ್ತಿದ್ದೆ. ಹೊಟ್ಟೆ ತಾಳ ಹಾಕುತ್ತಿದ್ದರೂ ಒಂದು ಸಲವೂ ತೆಗೆಯಲಿಲ್ಲ. ತೆಗೆದಿದ್ದರೆ ನೀನು ಅಂದುಕೊಂಡಿದ್ದು ನಿಜ ಆಗಿಬಿಡುತ್ತಿತ್ತು.

ನೀನು ಪುಸ್ತಕದಲ್ಲಿ ಅರ್ಧ ಅರ್ಧ ಬರೆದೆ. ನಿನ್ನ ಕಪಾಟಿಗೆ ಯಾರೂ ಬೀಗ ಹಾಕಲಿಲ್ಲ. ಹೋಗಿ ಹೇಳು.

ಅಕ್ಕ

ಆಗಸ್ಟ್ ೧೭

ಅಕ್ಕನಿಗೆ,

ಹೇಳಿದೆ. ಬಾಯಲ್ಲಿ ಅಲ್ಲ. ಡಾಕ್ಟ್ರಮ್ಮನ ಬಾಗಿಲವರೆಗೆ ಮೂರು ಸಲ ಹೋಗಿ, ಮೂರು ಸಲವೂ ವಾಪಸು ಬಂದೆ. ಕೊನೆಗೆ ನಿನಗೆ ಬರೆಯುವ ಹಾಗೆಯೇ ಕೂತು ಬರೆದೆ. ಬಾಟಲಿ ಸೋರಿದ್ದು, ಹಬೆ ಯಂತ್ರ, ಒಂದು ಪೆಟ್ಟಿಗೆಯಲ್ಲಿ ಮೂರು ದಿನ, ಸುಳ್ಳು ಮೂರೂವರೆ, ಎಲ್ಲ. ನಡುಗುತ್ತಿತ್ತು, ಅದಕ್ಕೇ ಬಿಟ್ಟೆ ಅಂತಲೂ ಬರೆದೆ. ಹಾಳೆಯನ್ನು ತೂಕದ ಪುಸ್ತಕದಲ್ಲಿ ಜುಲೈ ತಿಂಗಳ ಪುಟದೊಳಗೆ ಇಟ್ಟೆ.

ಅವರು ನಿಂತೇ ಓದಿದರು. ನಾನು ಬಾಟಲಿ ತೊಳೆಯುತ್ತಿದ್ದೆ, ಬೆನ್ನು ಮಾಡಿಕೊಂಡಿದ್ದರೂ ಎಲ್ಲ ಕಾಣುತ್ತಿತ್ತು, ಎದುರಿನ ಗಾಜಿನಲ್ಲಿ. ಓದಿ ಮುಗಿಸಿ ಹಲಗೆಯ ಹತ್ತಿರ ಹೋಗಿ ೧೭ ಅನ್ನುವುದನ್ನು ಅಂಗೈಯಿಂದ ಒರೆಸಿದರು. "ಎರಡು ವಾರ," ಅಂದರು. "ಎರಡು ವಾರದಿಂದ ನಾನು ಗಾಳಿಗೆ ಗುದ್ದುತ್ತಾ ಇದ್ದೆ." ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ತೂಕದ ಪುಸ್ತಕವನ್ನು ನನ್ನ ಮುಂದಿನಿಂದ ಎತ್ತಿಕೊಂಡು ಹೋದರು. ಎರಡು ದಿನ ನನ್ನ ಜೊತೆ ಮಾತಿಲ್ಲ. ಗ್ರಾಂ ಮಾಸ್ತರು ಮಾತ್ರ, "ಇನ್ನೊಂದು ಸಲ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಬರಿ. ಅದಕ್ಕೂ ಪುಸ್ತಕದಲ್ಲಿ ಜಾಗ ಇದೆ," ಅಂದರು. ನನಗೆ ಅದು ಬೈಗುಳಕ್ಕಿಂತ ಜಾಸ್ತಿ ನಾಟಿತು.

ಮೂರನೇ ದಿನ ಡಾಕ್ಟ್ರಮ್ಮ ಕರೆದರು. ಮೇಜಿನ ಮೇಲೆ ನನ್ನ ಕಾಗದ. ಅದರ ತುಂಬ ಅವರ ಕೆಂಪು ಪೆನ್ನಿನ ಗೆರೆ. "ಎಷ್ಟು ಗಂಟೆಗೆ ಜೊತೆಗೆ ಬಿಟ್ಟೆ? ಹೊಟ್ಟು ಬದಲಿಸಿದ್ದೆಯಾ? ಹಳೇ ಹಿಕ್ಕೆ ಒಳಗೇ ಇತ್ತಾ?" ಒಂದಾದ ಮೇಲೆ ಒಂದು ಪ್ರಶ್ನೆ. ಕೇಳುತ್ತಾ ಕೇಳುತ್ತಾ ಅವರ ಕಾಲು ಮೇಜಿನ ಕೆಳಗೆ ಕುಣಿಯಲು ಶುರುವಾಯಿತು. ಆಮೇಲೆ ಅಂದರು, "ತಪ್ಪಿಂದ ಗೊತ್ತಾಗಿದ್ದು ಗೊತ್ತಾದ ಹಾಗಲ್ಲ. ಬೇಕು ಅಂತಲೇ ಮಾಡಿ ನೋಡಬೇಕು. ಎಂಟು ಜೋಡಿ. ನೀನು ಅವತ್ತು ಹೇಗೆ ಮಾಡಿದೆಯೋ ಹಾಗೇ."

ನಾನು ಕೇಳಿದೆ, "ಮೊದಲು ಒದ್ದೆ ಮಾಡಬೇಕಾ ಅಮ್ಮ?"

ಅವರು ನನ್ನನ್ನೇ ನೋಡಿದರು. ಆಮೇಲೆ ನಕ್ಕರು, ತುಂಬ ಹೊತ್ತು ನಕ್ಕರು. ಒದ್ದೆ ಮಾಡಬೇಕಾಗಿಲ್ಲವಂತೆ.

ಕೆಲಸ ಹೋಗಲಿಲ್ಲ. ಆದರೆ ಪುಸ್ತಕ ಮುಟ್ಟುವ ಹಾಗಿಲ್ಲ. ಪೆಟ್ಟಿಗೆ ತೊಳೆಯುವುದು, ಹೊಟ್ಟು ಹಾಕುವುದು, ಅಷ್ಟೇ. ಹದಿನೇಳನ್ನು ಕೊಯ್ಯುವುದಿಲ್ಲ.

ಗಡಿಯಾರದ ಬಗ್ಗೆ ಬರೆದಿದ್ದನ್ನು ಓದಿದೆ. ಅದಕ್ಕೆ ಏನು ಬರೆಯಬೇಕು ಅಂತ ಇನ್ನೂ ತಿಳಿಯುತ್ತಿಲ್ಲ.

ಕಡ್ಡಿ

ಆಗಸ್ಟ್ ೨೫

ಕಡ್ಡಿ,

ಒಳ್ಳೇದು ಮಾಡಿದೆ. ನಿನ್ನ ಕಾಗದವನ್ನು ನಮ್ಮ ಯಜಮಾನಿಗೆ ಓದಿ ಹೇಳಿದೆ. ಒದ್ದೆ ಮಾಡಬೇಕಾ ಅಂದಿದ್ದಕ್ಕೆ ಅವರು ಸೂಜಿ ಕೆಳಗೆ ಬೀಳಿಸಿ ನಕ್ಕರು, ಇಬ್ಬರೂ ಅರ್ಧ ಗಂಟೆ ಹುಡುಕಿದೆವು. ಹಿಕ್ಕೆ ವಿಷಯ ಮಾತ್ರ ಊಟದ ಹೊತ್ತಿಗೇ ಬಂತು.

ಜೋಡಿಗಳು ಏನಾದವು ಬರಿ. ಬೀಗದ ಬಗ್ಗೆ ನೀನು ಬರೆಯಲೇ ಇಲ್ಲ. ಕಪಾಟು ಒರೆಸಿದೆ ಅಂತ ಬರೆದರೆ ನನಗೆ ತಿಳಿಯಲ್ಲ ಅಂದುಕೊಂಡೆಯಾ?

ಅಕ್ಕ

ಅಕ್ಟೋಬರ್ ೬

ಅಕ್ಕಾ, ಅಕ್ಕಾ,

ಆರು. ಎಂಟರಲ್ಲಿ ಆರು.

ಆರು ವಾರ ಮುಗಿಯಿತು. ನೀಲಿ ಚೀಟಿಯವುಗಳ ಜೊತೆ ಮೂರು ದಿನ ಇದ್ದ ಎಂಟು ಕೆಂಪು ಇಲಿಗಳಲ್ಲಿ ಆರು ದಪ್ಪ ಆಗುವುದನ್ನು ನಿಲ್ಲಿಸಿಬಿಟ್ಟಿವೆ. ಒಂಟಿಯಾಗಿ ಇದ್ದವು ಏರುತ್ತಲೇ ಇವೆ. ಶುಕ್ರವಾರ ಕೊನೆಯ ತೂಕ. ಗ್ರಾಂ ಮಾಸ್ತರು ಒಂದೊಂದೇ ಅಂಕಿ ಓದುತ್ತಿದ್ದರು, ಡಾಕ್ಟ್ರಮ್ಮ ಬರೆಯುತ್ತಿದ್ದರು, ನಾನು ಇಲಿಗಳನ್ನು ಬಟ್ಟಲಿಗೆ ಬಿಡುತ್ತಿದ್ದೆ. ಐದನೆಯದಕ್ಕೆ ಗ್ರಾಂ ಮಾಸ್ತರು ಅಂಕಿಯನ್ನು ಎರಡು ಸಲ ಓದಿದರು. ಇಷ್ಟು ವರ್ಷ ತೂಗಿದ ಮನುಷ್ಯ, ಆರನೆಯದನ್ನು ಓದಲಾಗದೆ ತಕ್ಕಡಿಯನ್ನೇ ಡಾಕ್ಟ್ರಮ್ಮನ ಕಡೆ ತಿರುಗಿಸಿದರು. ಉಳಿದ ಎರಡು ಯಾಕೆ ನಿಲ್ಲಲಿಲ್ಲ ಅಂತ ಯಾರಿಗೂ ಗೊತ್ತಿಲ್ಲ. ಪುಸ್ತಕದಲ್ಲಿ ಹಾಗೇ ಬರೆದಿದ್ದಾರೆ, ಗೊತ್ತಿಲ್ಲ ಅಂತ. ಆ ಸಾಲನ್ನು ನನ್ನ ಕೈಯಲ್ಲಿ ಬರೆಸಿದರು. ಪುಸ್ತಕ ನನಗೆ ವಾಪಸು ಸಿಕ್ಕಿತು, ಅಕ್ಕಾ.

ಡಾಕ್ಟ್ರಮ್ಮ ಕೂಡಲೇ ಎಲ್ಲರಿಗೂ ಹೇಳಿದರು, "ಹಾರಾಡಬೇಡಿ. ಇಲಿ ಇಲಿಯೇ, ಮನುಷ್ಯರು ಮನುಷ್ಯರೇ." ಹೇಳುವಾಗ ಅವರೇ ಒಂದು ಕಡೆ ನಿಲ್ಲುತ್ತಿರಲಿಲ್ಲ.

ಈಗ ಮನುಷ್ಯರ ಪರೀಕ್ಷೆ ಶುರು ಮಾಡುತ್ತಾರೆ. ಹತ್ತು ದಿನ ಇಲ್ಲೇ ಎರಡನೇ ಮಹಡಿಯಲ್ಲಿ ಇರಬೇಕು. ಊಟ ತಿಂಡಿ ಎಲ್ಲ ತೂಗಿ ಕೊಡುತ್ತಾರೆ. ಒಂದು ಸಣ್ಣ ಕೋಣೆ ಇದೆ, ಕಿಟಕಿ, ಮಂಚ, ಕುರ್ಚಿ ಎಲ್ಲ ಇರುವಂಥದ್ದು. ಅದರೊಳಗೆ ಒಂದು ದಿನ ಕೂತರೆ ನಾವು ಬಿಡುವ ಉಸಿರಿನಿಂದ, ತಿಂದಿದ್ದರಲ್ಲಿ ಮೈ ಎಷ್ಟು ಉರಿಸುತ್ತದೆ, ಎಷ್ಟು ಉಳಿಸುತ್ತದೆ ಅಂತ ಯಂತ್ರ ಲೆಕ್ಕ ಹಾಕುತ್ತದೆ. ನಾನು ಹೋಗಿ ಎಲ್ಲ ನೋಡಿ ಬಂದೆ. ಕುರ್ಚಿಗಳು ಅಗಲ ಇವೆ, ಕೈ ಇಲ್ಲ, ಯಾರಿಗೂ ಒತ್ತುವುದಿಲ್ಲ. ನಿಂತು ತೂಗುವ ಯಂತ್ರದ ಅಂಕಿ ನಿಂತವರಿಗಾಗಲೀ ಸುತ್ತ ಇರುವವರಿಗಾಗಲೀ ಕಾಣುವುದಿಲ್ಲ, ಕೇಳಿದರೆ ಮಾತ್ರ ಹೇಳುತ್ತಾರೆ.

ನಾನು ಡಾಕ್ಟ್ರಮ್ಮನ ಕೋಣೆಗೆ ಹೋಗಿ ಬಾಯಲ್ಲೇ ಕೇಳಿದೆ. ಕಾಗದ ಇಲ್ಲದೆ. "ನನ್ನ ಅಕ್ಕ ಬರಬಹುದಾ?" ಅಂತ. ಹಿಂದಿನದನ್ನೂ ಹೇಳಿದೆ, ಬೀಗದ್ದೂ. ಅವರು ಅಂದರು, "ಸಣ್ಣ ಆಗ್ತಾರೆ ಅಂತ ನಾನು ಮಾತು ಕೊಡಲ್ಲ. ಅವರು ಹೇಳಿದ್ದನ್ನ ನಂಬ್ತೀನಿ ಅಂತ ಮಾತ್ರ ಮಾತು ಕೊಡ್ತೀನಿ. ಹಾಗೇ ಬರಿ ಅವರಿಗೆ."

ಹಾಗೇ ಬರೆದಿದ್ದೇನೆ. ಬಾ ಅಕ್ಕಾ.

ಕಡ್ಡಿ

ಅಕ್ಟೋಬರ್ ೧೨

ಕಡ್ಡಿ,

ಹೋದ ವರ್ಷ ಕಿವಿ ನೋವು ಬಂದು ಇಲ್ಲಿ ಒಬ್ಬ ಡಾಕ್ಟರ ಹತ್ತಿರ ಹೋಗಿದ್ದೆ. ಕಿವಿ ನೋಡಲೇ ಇಲ್ಲ. ಮೊದಲು ಮೈ ಇಳಿಸಿಕೊಂಡು ಬಾ ಅಂದ. ಕಿವಿಗೂ ಸೊಂಟಕ್ಕೂ ಏನು ಸಂಬಂಧ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಆಮೇಲೆ ಯಾವ ಡಾಕ್ಟರ ಬಾಗಿಲನ್ನೂ ತುಳಿದಿಲ್ಲ. ಈಗ ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತೆ, ನಿನಗೆ ಬರೆದಿರಲಿಲ್ಲ.

ಬರುತ್ತೇನೆ. ಇಪ್ಪತ್ತೆರಡನೇ ತಾರೀಕು ಬೆಳಗಿನ ಬಸ್ಸಿಗೆ. ಸಣ್ಣ ಆಗುವ ಆಸೆಗೆ ಅಲ್ಲ, ಆದರೆ ಬೇಡ ಅನ್ನುವುದೂ ಇಲ್ಲ. ನಾನು ಏನು ತಿನ್ನುತ್ತೇನೆ ಅನ್ನುವುದನ್ನು ಹತ್ತು ದಿನ ಯಾರಾದರೂ ಸರಿಯಾಗಿ ತೂಗಿ ಬರೆದಿಡಲಿ. ಒಂದು ಪುಸ್ತಕದಲ್ಲಿ ಅದು ಇರಲಿ. ನನಗೆ ಅಷ್ಟು ಬೇಕು. ನಿಮ್ಮ ಗ್ರಾಂ ಮಾಸ್ತರೇ ತೂಗಲಿ.

ಪರೀಕ್ಷೆ ಶುರುವಾಗುವ ಹಿಂದಿನ ದಿನ ಎಲ್ಲಿ ಉಳಿಯುವುದು ಅಂತ ಇನ್ನೂ ಯೋಚಿಸಿಲ್ಲ. ಆಸ್ಪತ್ರೆಯ ಎದುರು ಕೋಣೆ ಸಿಗುತ್ತವಂತೆ. ಮೂರನೇ ಸಲ ಕೇಳುತ್ತಿದ್ದೇನೆ, ಕಡ್ಡಿ ಮುರಿದ ಹಾಗೆ ಹೇಳು. ಬೀಗ ಇದೆಯಾ?

ಅಕ್ಕ

ಅಕ್ಟೋಬರ್ ೧೭

ಅಕ್ಕನಿಗೆ,

ಇತ್ತು. ನೀನು ಹೋದ ಮೇಲೂ ಇತ್ತು. ಮನೆಯಲ್ಲಿ ನಾನೊಬ್ಬಳೇ ಇದ್ದರೂ ದಿನಾ ಬೀಗ ತೆಗೆದು ಸಕ್ಕರೆ ಹಾಕಿಕೊಂಡು ಮತ್ತೆ ಹಾಕುತ್ತಿದ್ದೆ. ತೆಗೆದುಬಿಟ್ಟರೆ ಹಾಕಿದ್ದೇ ತಪ್ಪು ಅಂತ ಒಪ್ಪಿದ ಹಾಗೆ ಆಗುತ್ತದೆ, ಅದಕ್ಕೇ ತೆಗೆಯಲಿಲ್ಲ. ಇವತ್ತು ತಿರುಪು ಬಿಚ್ಚಿ ಕೊಂಡಿ ಸಮೇತ ತೆಗೆದೆ, ನೀನು ಮನೆಗೇ ಬಾ.

ಕಡ್ಡಿ